ಟ್ರೋಲ್ ಹಂಟರ್: ಮದುವೆ ವಿಡಿಯೋದವನು ನೋಡಿದ ರಾಕ್ಷಸರ ಸಿನಿಮಾ

ಹೆಸರು ಕೇಳಿದಾಗ ನಾನು ಬೇರೆಯೇ ಏನೋ ಅಂದುಕೊಂಡೆ. ಟ್ರೋಲ್ ಪೇಜ್ ನಡೆಸುವ ಹುಡುಗರನ್ನು ಬೆನ್ನಟ್ಟಿ ಹಿಡಿಯುವ ಸೈಬರ್ ಪೊಲೀಸ್ ಕಥೆ ಇರಬೇಕು ಅಂತ. ಯುಗಾದಿಗೆ ಬಂದಿದ್ದ ಅಕ್ಕನ ಮಗ ತಲೆ ಚಚ್ಚಿಕೊಂಡ. "ಮಾವ, ಅದು ಆ ಟ್ರೋಲ್ ಅಲ್ಲ. ನಾರ್ವೆ ದೇಶದ ಬೆಟ್ಟದ ರಾಕ್ಷಸರು. ನೀನು ನೋಡಲೇಬೇಕು, ಇದು ನಿನ್ನ ಕಸುಬಿನ ಸಿನಿಮಾ" ಅಂತ ತನ್ನ ಅಕೌಂಟಿನಲ್ಲಿ ಬಾಡಿಗೆಗೆ ತೆಗೆದು, ಫೋನಿನಿಂದ ನಮ್ಮ ಟಿವಿಗೆ ಹಾಕಿಯೇ ಬಿಟ್ಟ.

ನನ್ನ ಕಸುಬು ಮದುವೆ ವಿಡಿಯೋ. ಮಧುಗಿರಿಯಲ್ಲಿ ಒಂದು ಸಣ್ಣ ಸ್ಟುಡಿಯೋ ಇದೆ. 19 ವರ್ಷದಿಂದ ಧಾರೆ, ಆರತಕ್ಷತೆ, ನಾಮಕರಣ, ಗೃಹಪ್ರವೇಶ ಎಲ್ಲ ತೆಗೆದಿದ್ದೇನೆ. ರಾಕ್ಷಸರಿಗೂ ನನ್ನ ಕಸುಬಿಗೂ ಏನು ಸಂಬಂಧ ಅಂತ ಕೇಳಿದೆ. "ಸುಮ್ನೆ ನೋಡು" ಅಂದ.

ಸಿನಿಮಾ 2010ರದ್ದು. ಭಾಷೆ ನಾರ್ವೇಜಿಯನ್. ನಿರ್ದೇಶಕ ಆಂಡ್ರೆ ಓವ್ರೆದಾಲ್. ಒಂದೂ ಮುಕ್ಕಾಲು ಗಂಟೆಗೆ ಎರಡು ನಿಮಿಷ ಕಡಿಮೆ ಇದೆ. ಖರ್ಚು ಸುಮಾರು 35 ಲಕ್ಷ ಡಾಲರ್ ಅಂತೆ. ಆಗಿನ ರೇಟಿಗೆ ನಮ್ಮ ದುಡ್ಡಿನಲ್ಲಿ 16 ಕೋಟಿ ಆಸುಪಾಸು. ನಮಗೆ ಅದು ದೊಡ್ಡ ಮೊತ್ತವೇ, ಆದರೆ ಬೆಟ್ಟದಷ್ಟು ಎತ್ತರದ ರಾಕ್ಷಸರನ್ನು ತೋರಿಸಬೇಕಾದ ಸಿನಿಮಾಕ್ಕೆ ಚಿಲ್ಲರೆ ಕಾಸು.

ಶುರುವಿನಲ್ಲಿ ಪರದೆ ಮೇಲೆ ಬರಹ ಬರುತ್ತದೆ. ಯಾರೋ ಹೆಸರು ಹೇಳದವರು ಕಳಿಸಿದ ಹಾರ್ಡ್‌ಡಿಸ್ಕ್‌ನಲ್ಲಿ ಈ ವಿಡಿಯೋ ಸಿಕ್ಕಿತು, ನಾವು ಜೋಡಿಸಿದ್ದೇವೆ ಅಷ್ಟೇ ಅಂತ. ಈ ಜಾತಿಯ ಸಿನಿಮಾಗಳಿಗೆ ಫೌಂಡ್ ಫುಟೇಜ್ ಅಂತಾರೆ. ಪಾತ್ರಗಳೇ ಕ್ಯಾಮೆರಾ ಹಿಡಿದು ತೆಗೆದದ್ದು ಅಂತ ನಂಬಿಸುವ ಆಟ. ಕನ್ನಡಕ್ಕೂ ಇದು ಹೊಸದೇನಲ್ಲ. 2013ರಲ್ಲಿ '6-5=2' ಬಂದಾಗ ಇದೇ ಉಪಾಯ ನೋಡಿದ್ದೆವು. ಚಾರಣಕ್ಕೆ ಹೋದ ಹುಡುಗರು, ಕಾಡು, ಸಿಕ್ಕಿದ ಕ್ಯಾಮೆರಾ.

ಇಲ್ಲಿ ಕಾಲೇಜಿನ ಮೂವರು, ಥಾಮಸ್, ಯೊಹಾನ್ನಾ, ಕಾಲ್ಲೆ, ಕರಡಿ ಕದ್ದು ಬೇಟೆಯಾಡುವವನೊಬ್ಬನ ಬಗ್ಗೆ ಡಾಕ್ಯುಮೆಂಟರಿ ಮಾಡಲು ಹೊರಡುತ್ತಾರೆ. ಅವನ ಹೆಸರು ಹಾನ್ಸ್. ಹಳೇ ಜೀಪು, ಗಡ್ಡ, ಮಾತೇ ಇಲ್ಲ. ಹೋದಲ್ಲೆಲ್ಲ ಇವರನ್ನು ಓಡಿಸುತ್ತಾನೆ. ಇವರು ಬಿಡುವುದಿಲ್ಲ. ಒಂದು ರಾತ್ರಿ ಕಾಡಿನೊಳಗೆ ಅವನ ಹಿಂದೆಯೇ ಹೋಗುತ್ತಾರೆ. ದೂರದಲ್ಲಿ ಬೆಳಕು ಮಿಂಚುತ್ತದೆ, ಏನೋ ಗರ್ಜಿಸುತ್ತದೆ. ಕತ್ತಲೊಳಗಿಂದ ಹಾನ್ಸ್ ಇವರ ಕಡೆಗೇ ಓಡಿ ಬಂದು ಒಂದೇ ಮಾತು ಕೂಗುತ್ತಾನೆ. "ಟ್ರೋಲ್!"

ಆಮೇಲೆ ಎಲ್ಲರೂ ಓಡುತ್ತಾರೆ. ಕ್ಯಾಮೆರಾನೂ ಓಡುತ್ತದೆ. ನೆಲ, ಎಲೆ, ಶೂ, ಆಕಾಶ, ಮತ್ತೆ ನೆಲ.

ಇಲ್ಲಿ ನಾನು ಎದ್ದು ಕೂತೆ. ಇದು ನನಗೆ ಗೊತ್ತಿರುವ ಶಾಟ್!

ಅದನ್ನು ಹೇಳಿಬಿಡುತ್ತೇನೆ. 2014ರಲ್ಲಿ ಬೆಟ್ಟದ ಬುಡದ ಒಂದು ದೇವಸ್ಥಾನದಲ್ಲಿ ಮದುವೆ. ನಮ್ಮೂರ ಹೆಸರಿನಲ್ಲೇ ಜೇನು ಇದೆ, ಹಾಗಾಗಿ ಬಂಡೆ ಮೇಲೆ ಹೆಜ್ಜೇನು ಕಟ್ಟಿರುವುದು ದೊಡ್ಡ ವಿಷಯವೇನಲ್ಲ. ಯಾರೋ ಹೋಮದ ಹೊಗೆ ಅಂದರು, ಯಾರೋ ಪಟಾಕಿ ಅಂದರು. ಮಾಂಗಲ್ಯಧಾರಣೆ ಮುಗಿದು ಅಕ್ಷತೆ ಬೀಳುತ್ತಿತ್ತು, ಹೆಜ್ಜೇನು ಎದ್ದುಬಿಟ್ಟವು. ನಾನು ಓಡಿದೆ. ಕ್ಯಾಮೆರಾ ಆಫ್ ಮಾಡುವ ಬುದ್ಧಿ ಎಲ್ಲಿಂದ ಬರಬೇಕು? ಕೊರಳಿನ ಬೆಲ್ಟ್‌ನಲ್ಲಿ ನೇತಾಡುತ್ತಾ ಅದರ ಪಾಡಿಗೆ ಅದು ರೆಕಾರ್ಡ್ ಮಾಡಿದೆ. ಉರುಳಿದ ಕುರ್ಚಿ, ಸೀರೆ ಅಂಚು, ಒಂಟಿ ಚಪ್ಪಲಿ, "ಮಗು ಎತ್ಕಳೇ" ಅಂತ ಕೂಗುವ ಒಂದು ಹೆಂಗಸಿನ ದನಿ. ಕೊನೆಗೆ ಯಾರೋ ಕಂಬಳಿ ಎಸೆದು ಪೂರ್ತಿ ಕತ್ತಲು. ಒಟ್ಟು 40 ಸೆಕೆಂಡು. ಅದರಲ್ಲಿ ಒಂದೇ ಒಂದು ಜೇನು ಕಾಣುವುದಿಲ್ಲ.

ದೇವರ ದಯೆ, ಯಾರಿಗೂ ಪ್ರಾಣಕ್ಕೆ ಏನೂ ಆಗಲಿಲ್ಲ. ನನಗೆ ಹನ್ನೊಂದು ಕಡೆ ಕಚ್ಚಿತ್ತು, ಮುಖ ಕುಂಬಳಕಾಯಿ ಆಗಿತ್ತು. ಎಡಿಟ್ ಮಾಡುವಾಗ ಆ ಭಾಗ ತೆಗೆದು ಹಾಕಿದ್ದೆ. ಮದುವೆ ಮನೆಯವರೇ ಕೇಳಿ ಮತ್ತೆ ಸೇರಿಸಿಕೊಂಡರು. ಮೂರು ಗಂಟೆಯ ಮದುವೆ ಡಿವಿಡಿಯಲ್ಲಿ ಅವರ ಮನೆಯವರು ಪದೇ ಪದೇ ಹಾಕಿ ನೋಡುವುದು ಆ 40 ಸೆಕೆಂಡ್ ಮಾತ್ರ. ಕ್ರೇನ್ ತರಿಸಿ, ಲೈಟ್ ಹಾಕಿ ನಾನು ತೆಗೆದ ಆರತಕ್ಷತೆಯನ್ನು ಓಡಿಸಿಬಿಡುತ್ತಾರೆ.

ಇಂಥ ಸಿನಿಮಾ ಜನ ಯಾಕೆ ನೋಡುತ್ತಾರೆ ಅಂದರೆ ನನ್ನ ಉತ್ತರ ಆ ಡಿವಿಡಿ. ಚೆನ್ನಾಗಿ ಫ್ರೇಮ್ ಮಾಡಿದ ಶಾಟ್ ನೋಡಿದರೆ ಅಲ್ಲೊಬ್ಬ ನೆಮ್ಮದಿಯಾಗಿ ನಿಂತಿದ್ದಾನೆ ಅಂತ ನಮಗೆ ಗೊತ್ತಾಗುತ್ತದೆ. ಕ್ಯಾಮೆರಾ ತಪ್ಪಿದರೆ, ಹಿಡಿದವನಿಗೆ ಬೇರೆ ಏನೋ ಅರ್ಜೆಂಟ್ ಇದೆ ಅಂತ ಅರ್ಥ. ಆ ಅರ್ಜೆಂಟು ಏನು ಅಂತ ನಮ್ಮ ತಲೆಯೇ ತುಂಬಿಕೊಳ್ಳುತ್ತದೆ, ಅಲ್ವಾ?

ದುಡ್ಡಿನ ಲೆಕ್ಕವೂ ಇದೆ, ಅದನ್ನು ಮುಚ್ಚಿಡುವುದು ಬೇಡ. ಹಗಲಲ್ಲಿ, ಸ್ಟ್ಯಾಂಡ್ ಮೇಲೆ ಅಲ್ಲಾಡದ ಕ್ಯಾಮೆರಾದಲ್ಲಿ ಹತ್ತು ಸೆಕೆಂಡ್ ರಾಕ್ಷಸನನ್ನು ತೋರಿಸಬೇಕಾದರೆ ಕಂಪ್ಯೂಟರಿನಲ್ಲಿ ಅವನ ಒಂದೊಂದು ಕೂದಲು, ಚರ್ಮದ ಸುಕ್ಕು, ನೆರಳು ಎಲ್ಲ ಕೂರಿಸಬೇಕು. ರಾತ್ರಿ, ಅಲ್ಲಾಡುವ ಕ್ಯಾಮೆರಾ, ಚುಕ್ಕೆ ಚುಕ್ಕೆಯಾಗಿ ಕಾಣುವ ಚಿತ್ರ, ಎರಡೇ ಸೆಕೆಂಡ್ ಅಂದರೆ ಅರ್ಧ ಕೆಲಸ ಕತ್ತಲೇ ಮಾಡಿಕೊಡುತ್ತದೆ. ಕಡಿಮೆ ಬಜೆಟ್‌ನವರು ಈ ದಾರಿ ಹಿಡಿಯುವುದು ಇದಕ್ಕೇ. ಬಹಳಷ್ಟು ಜನ ಇದರ ಹಿಂದೆ ಬಚ್ಚಿಟ್ಟುಕೊಳ್ಳುತ್ತಾರೆ. ಕೊನೆವರೆಗೂ ಏನೂ ತೋರಿಸದೆ ಬರೀ ಉಸಿರಾಟ ಕೇಳಿಸಿ ಕಳಿಸಿಬಿಡುತ್ತಾರೆ. ಟ್ರೋಲ್ ಹಂಟರ್ ಆ ಮೋಸ ಮಾಡುವುದಿಲ್ಲ. ಮೊದಲು ಸ್ವಲ್ಪ ಆಡಿಸುತ್ತದೆ, ಆಮೇಲೆ ತೋರಿಸುತ್ತದೆ. ತಲೆಯಿಂದ ಕಾಲಿನವರೆಗೆ ತೋರಿಸುತ್ತದೆ.

ಆ ರಾಕ್ಷಸರೋ, ನೋಡಿದರೆ ನಗು ಬರುತ್ತದೆ. ಆಲೂಗಡ್ಡೆಯಂಥ ಮೂಗು. ಪೊದೆಯಂಥ ತಲೆ. ಮೊದಲು ಸಿಗುವವನಿಗೆ ಮೂರು ತಲೆ. ಅದರಲ್ಲಿ ಎರಡು ತಲೆಯೇ ಅಲ್ಲ, ವಯಸ್ಸಾದಂತೆ ಬೆಳೆಯುವ ಗಡ್ಡೆ, ಹೆಣ್ಣುಗಳನ್ನು ಮೆಚ್ಚಿಸಲಿಕ್ಕೆ ಅಂತ ಹಾನ್ಸ್ ವಿವರಿಸುತ್ತಾನೆ. ನಾರ್ವೆಯಲ್ಲಿ ಥಿಯೋಡರ್ ಕಿಟೆಲ್ಸನ್ (1857–1914) ಅಂತ ಒಬ್ಬ ಚಿತ್ರಕಾರ ಇದ್ದರು. ಬೆನ್ನ ಮೇಲೆ ಗಿಡಮರ ಬೆಳೆದ, ಬೆಟ್ಟವೇ ಎದ್ದು ನಡೆದಂತಿರುವ ಟ್ರೋಲ್‌ಗಳನ್ನು ಬರೆದವರು. ನಮ್ಮ ಮಕ್ಕಳ ತಲೆಯಲ್ಲಿ ಚಂದಮಾಮದ ಬೇತಾಳ ಕೂತಿರುವ ಹಾಗೆ ಅಲ್ಲಿನವರ ತಲೆಯಲ್ಲಿ ಆ ಟ್ರೋಲ್‌ಗಳು ಕೂತಿವೆ. ಸಿನಿಮಾದವರು ಆ ಮುಖವನ್ನೇ ಇಟ್ಟುಕೊಂಡಿದ್ದಾರೆ. ಹೊಸ ಥರದ ಭಯಂಕರ ಮೂತಿ ಹುಡುಕಿಕೊಂಡು ಹೋಗಿಲ್ಲ. ನಗುತ್ತಾ ನೋಡುತ್ತಿರುತ್ತೀರಿ, ಅದು ತಿರುಗಿ ಕ್ಯಾಮೆರಾ ಕಡೆ ಮೂಸುತ್ತದೆ. ನಗು ಅಲ್ಲಿಗೇ ನಿಲ್ಲುತ್ತದೆ.

ಮೂಸುವುದು ಅಂದೆನಲ್ಲ. ಟ್ರೋಲ್‌ಗಳಿಗೆ ಕ್ರೈಸ್ತರ ರಕ್ತದ ವಾಸನೆ ಸಿಗುತ್ತದಂತೆ. ಅದಕ್ಕೆ ಹಾನ್ಸ್ ಮೊದಲೇ ಹುಡುಗರನ್ನು ಕೇಳುತ್ತಾನೆ, ನಿಮ್ಮಲ್ಲಿ ದೇವರನ್ನು, ಯೇಸುವನ್ನು ನಂಬುವವರು ಯಾರಾದರೂ ಇದ್ದೀರಾ ಅಂತ. ಅಡುಗೆ ಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ ಇಲ್ಲಿ ಒಳಗೆ ಬಂದು ಕೂತರು. "ಇದು ನಮ್ ರಾಕ್ಷಸನ ಕಥೆನೇ ಕಣೋ. ಬಾಗ್ಲು ತೆಗೀತಿದ್ದಂಗೆ ನರವಾಸನೆ ನರವಾಸನೆ ಅನ್ನಲ್ವಾ, ಅಂಗೇ." ನಮ್ಮ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಜಕುಮಾರ ಅಟ್ಟದ ಮೇಲೆ ಬಚ್ಚಿಟ್ಟುಕೊಂಡಿರುತ್ತಿದ್ದ. ಇಲ್ಲಿ ಹುಡುಗರು ಮೈಗೆಲ್ಲ ಟ್ರೋಲ್‌ನ ಗಬ್ಬು ಜಿಡ್ಡು ಬಳಿದುಕೊಂಡು ಹೋಗುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ಅಮ್ಮನಿಗೂ ಅಪ್ಪನಿಗೂ ಓದಲು ಬರುವುದಿಲ್ಲ. ನಾನೇ ಜೋರಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಅರ್ಧ ಸಿನಿಮಾ ಆಗುವ ಹೊತ್ತಿಗೆ ಗಂಟಲು ಕಟ್ಟಿತ್ತು.

ಈಗ ನನಗೆ ಬಹಳ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಈ ಹಾನ್ಸ್ ವೀರನಲ್ಲ. ಸರ್ಕಾರಿ ನೌಕರ. ಟ್ರೋಲ್‌ಗಳು ಇವೆ ಅನ್ನುವುದು ಜನಕ್ಕೆ ಗೊತ್ತಾಗಬಾರದು, ಅದಕ್ಕೇ ಒಂದು ಗುಟ್ಟಿನ ಇಲಾಖೆ. ಇಡೀ ದೇಶಕ್ಕೆ ಬೇಟೆಗಾರ ಇವನೊಬ್ಬನೇ. ಟ್ರೋಲ್ ಕೊಂದ ಮೇಲೆ ಹೋಟೆಲಿನಲ್ಲಿ ಕೂತು ಫಾರಂ ತುಂಬುತ್ತಾನೆ! "ಕೊಂದ ಟ್ರೋಲ್‌ನ ನಮೂನೆ" ಅಂತ ಅಚ್ಚು ಹಾಕಿಸಿದ ಫಾರಂ. ಯಾವ ಜಾತಿ, ಎಲ್ಲಿ, ಹೇಗೆ ಅಂತ ಒಂದೊಂದಾಗಿ ಬರೆಯುತ್ತಾನೆ. ಇಷ್ಟು ವರ್ಷದ ಗುಟ್ಟನ್ನು ಹುಡುಗರ ಕ್ಯಾಮೆರಾ ಮುಂದೆ ಬಿಚ್ಚಲು ಒಪ್ಪಿದ್ದಾದರೂ ಯಾಕೆ? ರಾತ್ರಿ ಕೆಲಸಕ್ಕೆ ಭತ್ಯೆ ಇಲ್ಲ, ಓವರ್‌ಟೈಮ್ ಇಲ್ಲ, ಸಾಕಾಗಿ ಹೋಗಿದೆ, ಅದಕ್ಕೆ.

ನಮ್ಮಪ್ಪ ಲೈನ್‌ಮನ್ ಆಗಿ ರಿಟೈರ್ ಆದವರು. ಮಳೆಗಾಲದ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹೊಲದಲ್ಲಿ ಲೈನ್ ಹುಡುಕಿಕೊಂಡು ಹೋದವರು. ಭತ್ಯೆಯ ಮಾತು ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಅಪ್ಪ ಕುರ್ಚಿಯನ್ನು ಟಿವಿ ಹತ್ತಿರ ಎಳೆದುಕೊಂಡರು. "ಯಾವ ದೇಶಕ್ಕೆ ಹೋದ್ರೂ ಇದೇ ಗೋಳು ಕಣಪ್ಪ" ಅಂದರು. ಅಲ್ಲಿಂದ ಮುಂದೆ ಅವರಿಗೆ ಹಾನ್ಸ್ ಒಬ್ಬ ಸಹೋದ್ಯೋಗಿ. ರಾಕ್ಷಸರು ನಿಜವೋ ಸುಳ್ಳೋ ಅನ್ನುವ ಪ್ರಶ್ನೆಯೇ ಅವರಿಗೆ ಉಳಿಯಲಿಲ್ಲ.

ಇದೇ ಈ ಸಿನಿಮಾದ ಜಾಣತನ. ರಾಕ್ಷಸನನ್ನು ನಂಬಿಸಲು ರಾಕ್ಷಸನ ಮೇಲೆ ದುಡ್ಡು ಸುರಿದಿಲ್ಲ. ಅವನ ಸುತ್ತ ಇರುವ ಬೇಜಾರಿನ ಕೆಲಸವನ್ನು ತೋರಿಸುತ್ತದೆ. ಫಾರಂ, ಜೀಪು, ದೀಪದ ಬ್ಯಾಟರಿ, ಮೇಲಧಿಕಾರಿಯ ಬೈಗುಳ. ಹಾನ್ಸ್ ಬಂದೂಕಿನಿಂದ ಟ್ರೋಲ್ ಕೊಲ್ಲುವುದಿಲ್ಲ. ಸೂರ್ಯನ ಬೆಳಕಿನಲ್ಲಿರುವ ಅಲ್ಟ್ರಾವಯೊಲೆಟ್ ಕಿರಣ ಬಿಡುವ ದೊಡ್ಡ ದೀಪ ಇಟ್ಟುಕೊಂಡಿದ್ದಾನೆ. ಬಿಸಿಲು ಬಿದ್ದರೆ ಟ್ರೋಲ್ ಕಲ್ಲಾಗುತ್ತದೆ ಅನ್ನುವುದು ಅಲ್ಲಿನ ಹಳೇ ಜನಪದ ನಂಬಿಕೆ. ಸಿನಿಮಾದಲ್ಲಿ ಒಬ್ಬ ಪಶುವೈದ್ಯೆ ಬಂದು ಅದಕ್ಕೆ ಕಾರಣ ಹೇಳುತ್ತಾಳೆ. ಬಿಸಿಲಿನ ವಿಟಮಿನ್ ಡಿಯನ್ನು ಕ್ಯಾಲ್ಸಿಯಂ ಮಾಡಿಕೊಳ್ಳಲು ಟ್ರೋಲ್‌ಗಳ ಮೈಗೆ ಬರುವುದಿಲ್ಲವಂತೆ. ಬಿಸಿಲು ಬಿದ್ದ ಕೂಡಲೇ ಮುದುಕರು ಕಲ್ಲಾಗುತ್ತಾರೆ. ಚಿಕ್ಕವರು ಹೊಟ್ಟೆಯಲ್ಲಿ ಗ್ಯಾಸ್ ತುಂಬಿ ಸಿಡಿಯುತ್ತಾರೆ. ಬರೀ ಬುರುಡೆ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರು ರಿಪೋರ್ಟ್ ಓದುವ ಅದೇ ದನಿ, ಆದ್ದರಿಂದ ತಲೆ ಆಡಿಸಿಬಿಡುತ್ತೇವೆ.

ಟ್ರೋಲ್ ಹಾಳು ಮಾಡಿದ್ದನ್ನೆಲ್ಲ ಇಲಾಖೆಯವರು ಕರಡಿ ತಲೆಗೆ ಕಟ್ಟುತ್ತಾರೆ. ಎಲ್ಲಿಂದಲೋ ಸತ್ತ ಕರಡಿ ತಂದು ಹಾಕಿ, ನೆಲದ ಮೇಲೆ ಹೆಜ್ಜೆ ಗುರುತು ಒತ್ತುತ್ತಾರೆ. ನಮ್ಮ ಕಡೆಯವರಿಗೆ ಈ ಭಾಗ ಚೆನ್ನಾಗಿ ಹಿಡಿಸುತ್ತದೆ. ಮಧುಗಿರಿ, ಪಾವಗಡ, ಶಿರಾ ಕಡೆ ಬೆಟ್ಟಗಳಲ್ಲಿ ಕರಡಿ ಇವೆ. ಬೆಳಗ್ಗೆ ತೋಟಕ್ಕೆ ಹೋದರೆ ಹಲಸು ಬಗೆದು ಹಾಕಿರುತ್ತದೆ. ಹೆಜ್ಜೆ ನೋಡಿ ಕರಡಿಯೋ ಹಂದಿಯೋ ಅಂತ ಅರಳಿಕಟ್ಟೆಯಲ್ಲಿ ಅರ್ಧ ದಿನ ವಾದ ನಡೆಯುತ್ತದೆ. ಸಿನಿಮಾದ ಊರವರು ಹೆಜ್ಜೆ ಸುತ್ತ ನಿಂತು, ಇದು ಸರಿಯಿಲ್ಲ, ಕರಡಿ ಹೀಗೆ ಕಾಲಿಡಲ್ಲ ಅಂತ ಗೊಣಗುವಾಗ ನನಗೆ ನಮ್ಮ ಅರಳಿಕಟ್ಟೆಯೇ ಕಂಡಿತು.

ಇನ್ನು ಹೈಟೆನ್ಷನ್ ಲೈನು. ಬೆಟ್ಟದ ಮೇಲೆ ಸಾಲಾಗಿ ನಿಂತ ಟವರ್‌ಗಳು ನಿಜವಾಗಿ ಕರೆಂಟ್ ಸಾಗಿಸುವುದಕ್ಕಲ್ಲ, ದೊಡ್ಡ ಟ್ರೋಲ್‌ಗಳು ಆಚೆ ಬಾರದ ಹಾಗೆ ಹಾಕಿದ ಬೇಲಿ ಅಂತ ಹಾನ್ಸ್ ಹೇಳುತ್ತಾನೆ. ಮ್ಯಾಪಿನಲ್ಲಿ ನೋಡಿದರೆ ಲೈನು ಒಂದು ಸುತ್ತು ಹೊಡೆದು ಬಂದಲ್ಲಿಗೇ ಬರುತ್ತದೆ. ವಿದ್ಯುತ್ ಕಂಪನಿಯ ನೌಕರನಿಗೆ ಇದು ವಿಚಿತ್ರ ಅಂತಲೂ ಅನಿಸಿಲ್ಲ. ಅಪ್ಪ ನಕ್ಕ ನಗುವಿಗೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು. "ಲೈನ್ ಎಲ್ಲಿಂದ ಎಲ್ಲಿಗೆ ಹೋಯ್ತದೆ ಅಂತ ಕೇಳೋ ಅಭ್ಯಾಸ ನಮ್ಗೂ ಇರ್ಲಿಲ್ಲ ಬಿಡು" ಅಂದರು.

ಸರಿಯಾಗಿ ಅದೇ ಹೊತ್ತಿಗೆ ನಮ್ಮನೆ ಕರೆಂಟ್ ಹೋಯಿತು. ನಾನು ಕಥೆ ಕಟ್ಟುತ್ತಿಲ್ಲ. ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂತೆವು. ಅಕ್ಕನ ಮಗ ಹೊರಗೆ ಹೋಗಿ ಕಿಟಕಿಯ ಹತ್ತಿರ ಮೂಸುವ ಸದ್ದು ಮಾಡಿ ಅಮ್ಮನಿಂದ ಬೈಸಿಕೊಂಡ.

ಸೇತುವೆಯ ದೃಶ್ಯವೊಂದನ್ನು ಹೇಳದೆ ಇರಲಾರೆ. ಟ್ರೋಲ್‌ನ ರಕ್ತದ ಸ್ಯಾಂಪಲ್ ಬೇಕು. ಸೇತುವೆ ಮೇಲೆ ಮೂರು ಆಡು ಕಟ್ಟಿ, ಹಾನ್ಸ್ ತಗಡಿನ ಡಬ್ಬಗಳನ್ನು ಜೋಡಿಸಿದ ಹಾಗಿರುವ ಕವಚ ತೊಟ್ಟುಕೊಂಡು ನಿಲ್ಲುತ್ತಾನೆ. ಸೇತುವೆ, ಕೆಳಗೆ ಟ್ರೋಲ್, ಮೇಲೆ ಮೂರು ಆಡು ಅನ್ನುವುದು ಅಲ್ಲಿನ ಮಕ್ಕಳ ಕಥೆ. ನಮಗೆ ಗೋವಿನ ಹಾಡು ಇದ್ದಂತೆ ಅವರಿಗೆ ಅದು. ಹಾನ್ಸ್ ಪಾತ್ರ ಮಾಡಿದ ಒಟ್ಟೊ ಯೆಸ್ಪರ್‌ಸೆನ್ ಆ ದೇಶದಲ್ಲಿ ಹೆಸರಾದ ಹಾಸ್ಯಗಾರ. ಆದರೆ ಇಡೀ ಸಿನಿಮಾದಲ್ಲಿ ಒಮ್ಮೆಯೂ ಹಲ್ಲು ಕಿರಿಯುವುದಿಲ್ಲ. ಆ ತಗಡು ತೊಟ್ಟುಕೊಂಡು, ಗ್ಯಾಸ್ ಸಿಲಿಂಡರ್ ಬದಲಾಯಿಸಲು ಬಂದವನ ಮುಖ ಮಾಡಿಕೊಂಡು ನಡೆದು ಹೋಗುತ್ತಾನಲ್ಲ, ಅದಕ್ಕೇ ನಾವು ಬಿದ್ದು ಬಿದ್ದು ನಕ್ಕೆವು. ಹಿಂದೊಮ್ಮೆ ಒಂದು ಪ್ರದೇಶದ ಟ್ರೋಲ್‌ಗಳನ್ನೆಲ್ಲ, ಬಸುರಿಯರು, ನಡಿಗೆ ಕಲಿಯುತ್ತಿದ್ದ ಮರಿಗಳು ಸಮೇತ ಕೊಲ್ಲಬೇಕಾಗಿ ಬಂದಿತ್ತು ಅಂತ ಇದೇ ಮನುಷ್ಯ ಹೇಳುವಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ತಪ್ಪುಗಳು ಬೇಕಾದಷ್ಟಿವೆ. ಮೂವರು ಹುಡುಗರಲ್ಲಿ ಯಾರೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಥಾಮಸ್ ಪ್ರಶ್ನೆ ಕೇಳುತ್ತಾನೆ, ಉಳಿದಿಬ್ಬರು ಹಿಂದೆ ಬರುತ್ತಾರೆ, ಮುಗಿಯಿತು. ಗುಹೆಯೊಳಗೆ ಒಂದು ಸಾವಾಗುತ್ತದೆ. ಯಾರದು ಅಂತ ಹೇಳಲ್ಲ. ಇವರು ದುಃಖ ಪಡುವುದು ಎರಡು ನಿಮಿಷ. ಜೊತೆಯಲ್ಲಿ ಊಟ ಮಾಡಿದವನಪ್ಪ, ಇನ್ನೊಂದು ಸ್ವಲ್ಪ ಹೊತ್ತು ಅಳಬಾರದಾ? ಆಮೇಲೆ ಬರುವ ಹೊಸ ಕ್ಯಾಮೆರಾ ಹುಡುಗಿ ಮುಸ್ಲಿಂ. ಟ್ರೋಲ್‌ಗಳಿಗೆ ಅವರ ವಾಸನೆ ಸಿಗುತ್ತದಾ ಅಂತ ಕೇಳಿದರೆ ಹಾನ್ಸ್‌ಗೇ ಗೊತ್ತಿಲ್ಲ, ನೋಡೋಣ ಅನ್ನುತ್ತಾನೆ. ಅದು ಮಾತ್ರ ಒಳ್ಳೇ ನಗು. ಮಧ್ಯೆ ಜೀಪಿನಲ್ಲಿ ಕೂತು ಬೆಟ್ಟ ನೋಡಿಕೊಂಡು ಹೋಗುವ ದೃಶ್ಯಗಳು ಜಾಸ್ತಿ ಆದವು. ಬೆಟ್ಟ ಚೆಂದವಾಗಿವೆ ನಿಜ, ನೀರು, ಮಂಜು, ಹಸಿರು. ಆದರೂ ಅಪ್ಪ ಎರಡು ಸಲ ಎದ್ದು ಹೋಗಿ ಎಲೆಅಡಿಕೆ ಹಾಕಿಕೊಂಡು ಬಂದರು.

ಕಸುಬಿನವನಾಗಿ ಒಂದು ಮಾತು. ಇಂಥ ಸಿನಿಮಾಗಳಲ್ಲಿ ನನಗೆ ಮೊದಲು ಕಿರಿಕಿರಿ ಆಗುವುದು ಸೌಂಡು. ಕ್ಯಾಮೆರಾದ ಮೈಕು ಅಷ್ಟು ದೂರದ ಮಾತು ಹಿಡಿಯುವುದೇ ಇಲ್ಲ. ಛತ್ರದಲ್ಲಿ ಪುರೋಹಿತರ ಮಂತ್ರ ಹಿಡಿಯಲು ನಾನು ಪಡುವ ಪಾಡು ನನಗೆ ಗೊತ್ತು. ಇಲ್ಲಿ ಅದಕ್ಕೆ ಉತ್ತರ ಇಟ್ಟಿದ್ದಾರೆ. ಯೊಹಾನ್ನಾಳ ಕೆಲಸವೇ ಸೌಂಡು, ಉದ್ದ ಕೋಲಿನ ಮೈಕು ಹಿಡಿದು ಓಡಾಡುತ್ತಿರುತ್ತಾಳೆ. ಅವಳಿಗೆ ಕೇಳಿಸಿದ್ದು ಉಳಿದವರಿಗಿಂತ ಮೊದಲು ನಮಗೆ ಕೇಳಿಸುತ್ತದೆ. ಕತ್ತಲಲ್ಲಿ ಮರ ಮುರಿಯುವ ಆ ಸದ್ದಿಗಾಗಿ ಒಳ್ಳೆ ಸ್ಪೀಕರ್ ಅಥವಾ ಹೆಡ್‌ಫೋನ್ ಇಟ್ಟುಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ನೋಡಿದರೆ ಅರ್ಧ ಸಿನಿಮಾ ಹೋಯಿತು ಅಂತಲೇ ಲೆಕ್ಕ.

ಕೊನೆಯಲ್ಲಿ ದೊವ್ರೆ ಅನ್ನುವ ಬೆಟ್ಟಸಾಲಿನ ಹಿಮದಲ್ಲಿ ಎಲ್ಲಕ್ಕಿಂತ ದೊಡ್ಡದು ಬರುತ್ತದೆ. ಅದನ್ನು ನೀವೇ ನೋಡಿ. ಅದಾದ ಮೇಲೂ ಟಿವಿ ಆಫ್ ಮಾಡಬೇಡಿ. ಆಗ ನಾರ್ವೆಯ ಪ್ರಧಾನಿ ಆಗಿದ್ದ ಯೆನ್ಸ್ ಸ್ಟೋಲ್ಟನ್‌ಬರ್ಗ್ ನಿಜವಾಗಿ ಮಾತಾಡಿದ ಒಂದು ತುಣುಕನ್ನು, ಟ್ರೋಲ್ ಇರುವುದನ್ನು ಅವರೇ ಒಪ್ಪಿಕೊಂಡ ಹಾಗೆ ಕಾಣುವಂತೆ ಕತ್ತರಿಸಿ ಹಾಕಿದ್ದಾರೆ. ಉತ್ತರ ಸಮುದ್ರದಲ್ಲಿ ಅವರಿಗೆ ಟ್ರೋಲ್ ಅನ್ನುವ ಹೆಸರಿನದೇ ಒಂದು ತೈಲ ಮತ್ತು ಗ್ಯಾಸ್ ನಿಕ್ಷೇಪ ಇದೆ. ಪಾಪ, ಪ್ರಧಾನಿ ಮಾತಾಡಿದ್ದು ಅದರ ಬಗ್ಗೆ. ಎಡಿಟರ್ ಏನೆಲ್ಲ ಮಾಡಬಹುದು ನೋಡಿ! ಮದುವೆಗೆ ಬಾರದ ಸೋದರಮಾವನನ್ನು ಬೇರೆ ಫಂಕ್ಷನ್‌ನಿಂದ ತಂದು ಪಂಕ್ತಿಯಲ್ಲಿ ಕೂರಿಸಿದವನು ನಾನು, ನನಗೇ ಅಸೂಯೆ ಆಯಿತು.

ಹೋದ ವಾರ ಪಾವಗಡದ ಒಂದು ಮದುವೆ ಆರ್ಡರ್ ಇತ್ತು. ಅಪ್ಪನೂ ಕಾರಿನಲ್ಲಿ ಬಂದರು. ಅಲ್ಲಿನ ಸೋಲಾರ್ ಪಾರ್ಕ್ 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿಂದ ಹೊರಟ ಹೈಟೆನ್ಷನ್ ಟವರ್‌ಗಳು ಸಾಲಾಗಿ ಬಯಲಿನಲ್ಲಿ ನಡೆದು ಬರುತ್ತವೆ. ಸಂಜೆ ವಾಪಸ್ ಬರುವಾಗ ಬಂಡೆಗಳೆಲ್ಲ ಕಪ್ಪಾಗಿ, ಭುಜ, ಬೆನ್ನು, ಮಂಡಿಯ ಹಾಗೆ ಕಾಣುತ್ತಿದ್ದವು. ಅಪ್ಪ ಗ್ಲಾಸು ಇಳಿಸಿ ತುಂಬಾ ಹೊತ್ತು ಟವರ್ ನೋಡಿದರು. "ಒಳಗಡೆ ಏನ್ ಕೂಡಾಕವ್ರೋ" ಅಂದರು.

ಮನೆಗೆ ಬಂದವನೇ ಆ ಹೆಜ್ಜೇನಿನ 40 ಸೆಕೆಂಡು ಮತ್ತೆ ನೋಡಬೇಕು ಅನಿಸಿ ಹಳೇ ಹಾರ್ಡ್‌ಡಿಸ್ಕ್ ಹುಡುಕಿ ಹಾಕಿದೆ. ಟಕ್ ಟಕ್ ಅನ್ನುತ್ತದೆ, ಓಪನ್ ಆಗುವುದಿಲ್ಲ. ಆ ಮದುವೆ ಮನೆಯವರಿಗೆ ಫೋನ್ ಮಾಡಿದೆ. ಡಿವಿಡಿ ಇದೆಯಂತೆ. ಪ್ಲೇಯರ್ ಕೆಟ್ಟಿದೆ, ಭಾನುವಾರ ಲ್ಯಾಪ್‌ಟಾಪ್ ತಗೊಂಡು ಬನ್ನಿ, ಎಲ್ಲರೂ ಕೂತು ನೋಡೋಣ ಅಂದರು.